ಒಂದು ಬೆಟ್ಟ, ಎರಡು ಬಗೆಯ ವಕೀಲರು

1962ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ ನ್ಯೂಯಾರ್ಕ್ ನಗರಕ್ಕೆ ಕರೆಂಟು ಕೊಡುವ ಕನ್ಸಾಲಿಡೇಟೆಡ್ ಎಡಿಸನ್ ಕಂಪನಿ ಹೊಸ ಯೋಜನೆಯೊಂದನ್ನು ಪ್ರಕಟಿಸಿತು. ಊರವರ ಬಾಯಲ್ಲಿ ಈ ಕಂಪನಿ ‘ಕಾನ್ ಎಡ್’. ನಗರದಿಂದ ಸುಮಾರು ಐವತ್ತು ಮೈಲಿ ಉತ್ತರಕ್ಕೆ, ಹಡ್ಸನ್ ನದಿ ಬೆಟ್ಟಗಳ ನಡುವೆ ಇಕ್ಕಟ್ಟಾಗಿ ಹರಿಯುವಲ್ಲಿ, ಕಾರ್ನ್‌ವಾಲ್ ಎಂಬ ಪುಟ್ಟ ಊರಿದೆ. ಅದರ ಪಕ್ಕದ ಸ್ಟಾರ್ಮ್ ಕಿಂಗ್ ಬೆಟ್ಟದ ಬುಡದಲ್ಲಿ ಪಂಪ್ಡ್ ಸ್ಟೋರೇಜ್ ವಿದ್ಯುದಾಗಾರ ಕಟ್ಟುವುದು ಕಂಪನಿಯ ಇರಾದೆ. ರಾತ್ರಿ ಬೇಡಿಕೆ ಇಳಿದಾಗ ಹೆಚ್ಚುವರಿ ಕರೆಂಟಿನಿಂದ ನದಿಯ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತುವುದು, ಬೇಡಿಕೆ ಏರಿದಾಗ ಅದೇ ನೀರನ್ನು ಕೆಳಕ್ಕೆ ಬಿಟ್ಟು ಕರೆಂಟು ತೆಗೆಯುವುದು. ಮೂರು ಯುನಿಟ್ ಸುಟ್ಟರೆ ಎರಡು ಯುನಿಟ್ ವಾಪಸು. ಮೇಲ್ನೋಟಕ್ಕೆ ನಷ್ಟದ ಬಾಬತ್ತೇ. ಆದರೆ ನಡುರಾತ್ರಿಯ ಯುನಿಟ್ ಅಗ್ಗ, ಎಲ್ಲರೂ ಒಟ್ಟಿಗೆ ಸ್ವಿಚ್ಚು ಹಾಕುವ ಹೊತ್ತಿನ ಯುನಿಟ್ ದುಬಾರಿ; ಕಂಪನಿಯ ಲಾಭ ಆ ಅಂತರದಲ್ಲಿತ್ತು.

ಈ ಲೆಕ್ಕ ಕನ್ನಡಿಗರಿಗೆ ಹೊಸದೇನಲ್ಲ. ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ, ಸಿಂಗಳೀಕಗಳ ಅಭಯಾರಣ್ಯದೊಳಗೆ, ಕರ್ನಾಟಕ ವಿದ್ಯುತ್ ನಿಗಮ ಹಾಕಿಕೊಂಡಿರುವ ಶರಾವತಿ ಯೋಜನೆಯ ತಂತ್ರವೂ ಇದೇ. ವಿಚಿತ್ರವೆಂದರೆ ಗಾತ್ರವೂ ಇದೇ: ಅಲ್ಲೂ 2,000 ಮೆಗಾವಾಟ್, ಇಲ್ಲೂ 2,000 ಮೆಗಾವಾಟ್.

ಸ್ಟಾರ್ಮ್ ಕಿಂಗ್‌ನ ನಕ್ಷೆಯಲ್ಲಿದ್ದ ಅಳತೆಗಳನ್ನು ನೋಡಿದರೆ ಗಲಾಟೆ ಯಾಕಾಯಿತೆಂದು ಅರ್ಥವಾಗುತ್ತದೆ. ನದಿಯ ದಂಡೆಯ ಮೇಲೆ 800 ಅಡಿ ಉದ್ದದ ಪವರ್‌ಹೌಸ್, ಅದರೊಳಗೆ ನೀರೆತ್ತಲೂ ಕರೆಂಟು ತೆಗೆಯಲೂ ಬರುವ ಎಂಟು ಯಂತ್ರಗಳು. ಸಾವಿರ ಅಡಿಗೂ ಹೆಚ್ಚು ಎತ್ತರದಲ್ಲಿ ಜಲಾಶಯ. ಎರಡನ್ನೂ ಜೋಡಿಸಲು 40 ಅಡಿ ವ್ಯಾಸದ ಸುರಂಗ. ಅಲ್ಲಿಂದ ಹೊರಟ ತಂತಿಗಳು ನದಿಯಾಚೆಯ ಹಳ್ಳಿಗಳ ತಲೆಯ ಮೇಲೆ ಹಾದುಹೋಗಬೇಕು. ಯೋಜನೆಯ ಚಿತ್ರವೊಂದನ್ನು ಕಂಪನಿಯೇ ಹೆಮ್ಮೆಯಿಂದ ಅಚ್ಚು ಹಾಕಿಸಿತು. ಬೆಟ್ಟದ ಬುಡವನ್ನು ಕಡಿದು ತೆಗೆದಂತಿದ್ದ ಆ ಚಿತ್ರ ಕಂಪನಿಗೆ ಮಾಡಿದಷ್ಟು ಕೆಡುಕನ್ನು ವಿರೋಧಿಗಳ ಯಾವ ಕರಪತ್ರವೂ ಮಾಡಲಿಲ್ಲ.

ಮುಂದಿನ ಹದಿನೇಳು ಹದಿನೆಂಟು ವರ್ಷ ಈ ಬೆಟ್ಟ ನ್ಯಾಯಾಲಯಗಳಲ್ಲೇ ಕಾಲ ಕಳೆಯಿತು. ಅಷ್ಟರಲ್ಲಿ ಅಮೆರಿಕದಲ್ಲಿ ಹೊಸದೊಂದು ವಕೀಲಿ ಕಸುಬು ಹುಟ್ಟಿತು, ಹಳೆಯದೊಂದು ಕಸುಬು ಬೆಳೆದು ಹತ್ತುಪಟ್ಟಾಯಿತು. ಹೊಸದು ಪರಿಸರದ ವಕೀಲಿಕೆ. ಹಳೆಯದು ಕರೆಂಟು, ಗ್ಯಾಸು, ನೀರಿನ ಕಂಪನಿಗಳ, ಅಂದರೆ ಅಲ್ಲಿನವರು ಯುಟಿಲಿಟಿ ಎನ್ನುವ ಕಂಪನಿಗಳ ವಕೀಲಿಕೆ. ಇಂದು ದೊಡ್ಡ ಲಾ ಫರ್ಮುಗಳ ಬೋರ್ಡಿನಲ್ಲಿ ಇವೆರಡೂ ಒಂದೇ ವಿಭಾಗದ ಹೆಸರಾಗಿ ಅಕ್ಕಪಕ್ಕ ಕೂತಿವೆ. ಎದುರಾಳಿಗಳು ನೆಂಟರಾದ ಬಗೆಯನ್ನು ತಿಳಿಯಲು ಹಳೆಯ ಕಸುಬಿನಿಂದಲೇ ಶುರುಮಾಡಬೇಕು.

ಕರೆಂಟಿನ ವ್ಯಾಪಾರ ಮೊದಲಿನಿಂದಲೂ ವಕೀಲರ ಕೈಹಿಡಿದೇ ನಡೆದದ್ದು. ಊರಿನ ಬೀದಿಯಲ್ಲಿ ಕಂಬ ನೆಡಲು ಪರವಾನಗಿ, ನದಿಗೆ ಅಣೆಕಟ್ಟು ಹಾಕಲು ಪರವಾನಗಿ, ದರ ಏರಿಸಲು ಆಯೋಗದ ಒಪ್ಪಿಗೆ, ಸಾಲಪತ್ರ ಮಾರಲು ಮತ್ತೊಂದು ಒಪ್ಪಿಗೆ. 1920ರ ದಶಕದಲ್ಲಿ ಹೋಲ್ಡಿಂಗ್ ಕಂಪನಿಗಳೆಂಬ ಜೇಡರಬಲೆ ದೇಶವನ್ನೆಲ್ಲ ಆವರಿಸಿತು. ಒಂದರ ಮೇಲೊಂದು ಕಂಪನಿ, ತುದಿಯಲ್ಲಿ ಷಿಕಾಗೊದ ಸ್ಯಾಮ್ಯುಯೆಲ್ ಇನ್ಸಲ್‌ನಂಥ ಒಬ್ಬಿಬ್ಬರು. 1932ರಲ್ಲಿ ಇನ್ಸಲ್‌ನ ಸಾಮ್ರಾಜ್ಯ ಕುಸಿದು ಸಣ್ಣ ಹೂಡಿಕೆದಾರರ ಉಳಿತಾಯ ಮಣ್ಣುಪಾಲಾಯಿತು. ಅದರ ಬೆನ್ನಿಗೆ ರೂಸ್‌ವೆಲ್ಟ್ ಸರ್ಕಾರ 1935ರಲ್ಲಿ ಹೋಲ್ಡಿಂಗ್ ಕಂಪನಿಗಳನ್ನು ಒಡೆಯುವ ಕಾಯ್ದೆ ತಂದಿತು, ಅಣೆಕಟ್ಟುಗಳಿಗೆ ಪರವಾನಗಿ ಕೊಡುವ ಕೇಂದ್ರದ ವಿದ್ಯುತ್ ಆಯೋಗದ ಅಧಿಕಾರವನ್ನು ಹಿಗ್ಗಿಸಿತು. ಕಂಪನಿಗಳು ಎದೆ ಬಡಿದುಕೊಂಡವು. ಅವುಗಳ ವಕೀಲರಿಗೆ ಮಾತ್ರ ದಶಕಗಳಿಗಾಗುವಷ್ಟು ಕೆಲಸ ಸಿಕ್ಕಿತು.

ವೆಂಡೆಲ್ ವಿಲ್ಕಿ ಆ ಕಾಲದ ನಮೂನೆ. 1929ರಲ್ಲಿ ಕಾಮನ್‌ವೆಲ್ತ್ ಅಂಡ್ ಸದರ್ನ್ ಎಂಬ ವಿದ್ಯುತ್ ಕಂಪನಿಯ ವಕೀಲನಾಗಿ ನ್ಯೂಯಾರ್ಕಿಗೆ ಬಂದವನು 1933ಕ್ಕೆ ಅದರ ಅಧ್ಯಕ್ಷನಾದ. ಟೆನೆಸಿ ಕಣಿವೆಯಲ್ಲಿ ಸರ್ಕಾರವೇ ಕರೆಂಟು ಮಾರಲು ಹೊರಟದ್ದರ ವಿರುದ್ಧ ವರ್ಷಗಟ್ಟಲೆ ಕಾದಾಡಿ ಕೊನೆಗೆ ಅಲ್ಲಿನ ಆಸ್ತಿಯನ್ನು ಒಳ್ಳೆಯ ಬೆಲೆಗೆ ಸರ್ಕಾರಕ್ಕೇ ಮಾರಿದ. 1940ರಲ್ಲಿ ರಿಪಬ್ಲಿಕನ್ ಪಕ್ಷದ ಅಭ್ಯರ್ಥಿಯಾಗಿ ರೂಸ್‌ವೆಲ್ಟ್ ವಿರುದ್ಧ ಅಧ್ಯಕ್ಷ ಚುನಾವಣೆಗೂ ನಿಂತ. ಕರೆಂಟು ಕಂಪನಿಯ ವಕೀಲಿಕೆಯಿಂದ ಎಲ್ಲಿಯವರೆಗೆ ಏರಬಹುದು ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ವಿಲ್ಕಿ ನ್ಯೂಯಾರ್ಕಿಗೆ ಬಂದ ಅದೇ 1929ರಲ್ಲಿ ಅದೇ ಊರಿನಲ್ಲಿ ರ‍್ಯಾಂಡಲ್ ಲಬಫ್ ಎಂಬ ವಕೀಲರ ಫರ್ಮ್ ಶುರುವಾಯಿತು. ಪಾಲುದಾರರು ಸೇರುತ್ತ ಹೋದಂತೆ ಬೋರ್ಡು ಉದ್ದವಾಗಿ ‘ಲಬಫ್, ಲ್ಯಾಂಬ್, ಲೀಬಿ ಅಂಡ್ ಮೆಕ್ರೇ’ ಎಂದಾಯಿತು. ವಿದ್ಯುತ್ ಕಂಪನಿಗಳೇ ಅವರ ಅನ್ನದ ಬಟ್ಟಲು. ಆಮೇಲೆ ವಿಮೆಯ ವ್ಯವಹಾರವೂ ಕೂಡಿಕೊಂಡಿತು. ಸ್ಟಾರ್ಮ್ ಕಿಂಗ್ ಮೊಕದ್ದಮೆಯಲ್ಲಿ ಕಾನ್ ಎಡ್ ಪರವಾಗಿ ನಿಂತದ್ದು ಈ ಫರ್ಮೇ.

ಇಂಥ ಫರ್ಮುಗಳಿಗೆ ಒಂದು ಅನುಕೂಲವಿತ್ತು. ಅದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ನಿಯಂತ್ರಿತ ವಿದ್ಯುತ್ ಕಂಪನಿಯ ನ್ಯಾಯವಾದ ಖರ್ಚುಗಳೆಲ್ಲ ದರದಲ್ಲಿ ಸೇರುತ್ತವೆ, ಪರವಾನಗಿಗಾಗಿ ಓಡಾಡುವ ವಕೀಲರ ಫೀಸೂ ಅದರಲ್ಲೊಂದು. ನಮ್ಮಲ್ಲೂ ಬೆಸ್ಕಾಂ, ಮೆಸ್ಕಾಂಗಳ ಆಡಳಿತ ವೆಚ್ಚದ ಬಾಬಿನಲ್ಲಿ ಕಾನೂನು ಖರ್ಚು ಬರುತ್ತದೆ. ಕೆಇಆರ್‌ಸಿ ಎಂಬ ನಿಯಂತ್ರಣ ಆಯೋಗ ಒಪ್ಪಿದರೆ ಅದು ಬಿಲ್ಲಿನ ಮೂಲಕ ಮನೆಮನೆಗೆ ಹಂಚಿಹೋಗುತ್ತದೆ. ಅಂದರೆ ಯೋಜನೆಗೆ ಎದುರಾಗಿ ನಿಂತ ಮನುಷ್ಯ ತನ್ನ ವಕೀಲರಿಗೆ ಜೇಬಿನಿಂದ ಕೊಡಬೇಕು, ಎದುರು ಪಾರ್ಟಿಯ ವಕೀಲರಿಗೆ ಕರೆಂಟು ಬಿಲ್ಲಿನಲ್ಲಿ ಕೊಡಬೇಕು.

1963ರ ನವೆಂಬರಿನಲ್ಲಿ ಹಡ್ಸನ್ ದಂಡೆಯ ಅರ್ವಿಂಗ್ಟನ್ ಊರಿನ ಎಂಟು ಮೂಲೆಯ ಮನೆಯೊಂದರಲ್ಲಿ ಕೆಲವರು ಸಭೆ ಸೇರಿದರು. ಮನೆ ಕಾರ್ಲ್ ಕಾರ್ಮರ್ ಎಂಬ ಲೇಖಕರದು. ಅಲ್ಲಿ ಹುಟ್ಟಿದ ಸಂಸ್ಥೆ ಸೀನಿಕ್ ಹಡ್ಸನ್. ಸೇರಿದವರಲ್ಲಿ ಬಡವರು ಯಾರೂ ಇರಲಿಲ್ಲ. ಎದುರು ದಂಡೆಯಿಂದ ಬೆಟ್ಟವನ್ನು ನೋಡುತ್ತ ಚಹಾ ಕುಡಿಯುವ ಸ್ಥಿತಿವಂತರೇ ಈ ಹೋರಾಟದ ಮುಂಚೂಣಿಯಲ್ಲಿದ್ದರೆಂದು ಕಂಪನಿ ಹಂಗಿಸಿದ್ದರಲ್ಲಿ ಅಷ್ಟಿಷ್ಟು ಸತ್ಯವೂ ಇತ್ತು. ಕಾರ್ನ್‌ವಾಲ್ ಊರಿನ ಹೆಚ್ಚಿನವರಿಗೆ ಯೋಜನೆ ಬೇಕಾಗಿತ್ತು, ಕಂಪನಿ ಕಟ್ಟುವ ತೆರಿಗೆಯಿಂದ ಊರಿನ ಖಜಾನೆ ತುಂಬುತ್ತದೆಂದು ಅವರು ಕಾದಿದ್ದರು. ವಿರೋಧದ ಪಾಳಯಕ್ಕೆ ಜನಬಲ ತಂದುಕೊಟ್ಟದ್ದು ತಂತಿ ಹಾದುಹೋಗಲಿದ್ದ ಕೋರ್ಟ್‌ಲ್ಯಾಂಡ್, ಪಟ್ನಮ್ ವ್ಯಾಲಿ, ಯಾರ್ಕ್‌ಟೌನ್ ಎಂಬ ಊರುಗಳು.

ಅವರಿಗೆ ವಕೀಲರು ಬೇಕಿತ್ತು. ಪರಿಸರ ಕಾನೂನು ಎಂಬ ಹೆಸರಿನ ಕಸುಬೇ ಆಗ ಇರಲಿಲ್ಲ. ಫರ್ಮುಗಳಲ್ಲಿ ಅಂಥ ವಿಭಾಗವಿಲ್ಲ, ಕಾಲೇಜುಗಳಲ್ಲಿ ಅಂಥ ಪಾಠವಿಲ್ಲ. ಹಾಗಾಗಿ ವಿದ್ಯುತ್ ಆಯೋಗದ ಒಳಮನೆ ಗೊತ್ತಿದ್ದವರನ್ನೇ ಹುಡುಕಿದರು. ಹಿಂದೆ ಅದೇ ಆಯೋಗದ ಸದಸ್ಯರಾಗಿದ್ದ ಡೇಲ್ ಡೋಟಿ 1964ರ ವಿಚಾರಣೆಯಲ್ಲಿ ಅವರ ಪರ ವಾದಿಸಿದರು. ಪರಿಸರದ ಮೊದಲ ದೊಡ್ಡ ಮೊಕದ್ದಮೆ ಶುರುವಾದದ್ದೇ ಹೀಗೆ, ವಿದ್ಯುತ್ ಕಾನೂನಿನ ಮನುಷ್ಯನಿಂದ.

ಆಯೋಗ 1965ರ ಮಾರ್ಚಿನಲ್ಲಿ ಪರವಾನಗಿ ಕೊಟ್ಟೇಬಿಟ್ಟಿತು. ಅದಕ್ಕೆ ಮುಂಚೆ ಒಂದು ಎಡವಟ್ಟನ್ನೂ ಮಾಡಿಕೊಂಡಿತು. ನ್ಯೂಯಾರ್ಕ್ ನಗರದ ಗ್ಯಾಸ್ ಮತ್ತು ವಿದ್ಯುತ್ ಇಲಾಖೆಯ ನಿವೃತ್ತ ಮುಖ್ಯ ಎಂಜಿನಿಯರ್ ಅಲೆಕ್ಸಾಂಡರ್ ಲರ್ಕಿಸ್, ಬೆಟ್ಟದ ಬದಲು ನಗರದೊಳಗೇ ಗ್ಯಾಸ್ ಟರ್ಬೈನ್ ಕೂರಿಸಿದರೆ ಕೆಲಸವಾಗುತ್ತದೆಂದು ಸಾಕ್ಷ್ಯ ಹೇಳಲು ಬಂದರು. ಸಮಯ ಮೀರಿತೆಂದು ಆಯೋಗ ಅವರನ್ನು ವಾಪಸು ಕಳಿಸಿತು. ಮೀನುಗಳ ಬಗ್ಗೆ ಬಂದ ಅಹವಾಲಿಗೂ ಅದೇ ಗತಿಯಾಯಿತು.

ಮೇಲ್ಮನವಿಗೆ ಬಂದವರು ಪಾಲ್, ವೈಸ್ ಫರ್ಮಿನ ಲಾಯ್ಡ್ ಗ್ಯಾರಿಸನ್. ಗುಲಾಮಗಿರಿಯ ವಿರುದ್ಧ ಹೋರಾಡಿದ ವಿಲಿಯಂ ಲಾಯ್ಡ್ ಗ್ಯಾರಿಸನ್‌ನ ಮರಿಮಗ. ಜತೆಗೆ ಹಾರ್ವರ್ಡ್‌ನಿಂದ ಆಗಷ್ಟೇ ಹೊರಬಿದ್ದ ಆಲ್ಬರ್ಟ್ ಬಟ್ಜೆಲ್ ಎಂಬ ಯುವ ವಕೀಲ. ತೀರ್ಪಿಗೆ ಕಾಯುತ್ತಿದ್ದಾಗ, ನವೆಂಬರ್ 9ರ ಸಂಜೆ, ಅಮೆರಿಕದ ಈಶಾನ್ಯ ರಾಜ್ಯಗಳೂ ಕೆನಡಾದ ಒಂದು ಭಾಗವೂ ಕತ್ತಲಲ್ಲಿ ಮುಳುಗಿದವು. ಸುಮಾರು ಮೂರು ಕೋಟಿ ಜನರಿಗೆ ಕರೆಂಟಿಲ್ಲ. ಲಿಫ್ಟುಗಳಲ್ಲಿ, ಸುರಂಗ ರೈಲುಗಳಲ್ಲಿ ಸಿಕ್ಕಿಬಿದ್ದವರಿಗೆ ಬೆಟ್ಟದ ಚೆಲುವಿನ ವಾದ ಹೇಗೆ ಕೇಳಿಸಿರಬೇಕು ಎಂದು ಊಹಿಸಬಹುದು. ಕಂಪನಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವಂತಿರಲಿಲ್ಲ.

ಆದರೂ ಡಿಸೆಂಬರ್ 29ರಂದು ಎರಡನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಪರವಾನಗಿಯನ್ನು ರದ್ದುಮಾಡಿ, ಮೊದಲಿಂದ ವಿಚಾರಣೆ ನಡೆಸಿ ಎಂದಿತು. ನ್ಯಾಯಮೂರ್ತಿ ಪಾಲ್ ಹೇಸ್ ಬರೆದ ತೀರ್ಪಿನಲ್ಲಿ ಎರಡು ಅಂಶಗಳಿದ್ದವು. ಒಂದು, ಆಯೋಗ ಎರಡು ಕಡೆಯವರ ಆಟ ನೋಡಿ ಅಂಕ ಬರೆಯುವ ಅಂಪೈರ್ ಅಲ್ಲ. ಸಾರ್ವಜನಿಕರ ಹಿತ ಕಾಯಲು ತಾನೇ ಮುಂದಾಗಿ ಬೇರೆ ದಾರಿಗಳನ್ನು ಹುಡುಕಬೇಕು. ಇನ್ನೊಂದು ಇದಕ್ಕಿಂತ ದೂರ ಹೋಗುವಂಥದ್ದು. ಅಲ್ಲಿಯವರೆಗೆ ಇಂಥ ಮೊಕದ್ದಮೆ ಹೂಡುವವನಿಗೆ ಹೊಲವೋ ಮನೆಯೋ ವ್ಯಾಪಾರವೋ ಹೋಗಿರಬೇಕಿತ್ತು. ಒಂದು ಜಾಗದ ಚೆಲುವು, ಅಲ್ಲಿನ ಜೀವಿಗಳು, ಅಲ್ಲಿ ಅಡ್ಡಾಡುವ ಜನರ ಬಗ್ಗೆ ಮುಂಚಿನಿಂದ ಕಾಳಜಿ ತೋರಿದ ಸಂಘವೂ ತನಗೆ ಅನ್ಯಾಯವಾಯಿತೆಂದು ಕೋರ್ಟಿನ ಮೆಟ್ಟಿಲು ಹತ್ತಬಹುದು ಎಂದಿತು ನ್ಯಾಯಾಲಯ. ಸುಪ್ರೀಂ ಕೋರ್ಟು ಕಂಪನಿಯ ಮೇಲ್ಮನವಿಯನ್ನು ಎತ್ತಿಕೊಳ್ಳಲಿಲ್ಲ. ಭಾರತದಲ್ಲಿ ಇದೇ ಬಾಗಿಲು 1980ರ ದಶಕದ ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳಿಂದ, ನಮ್ಮದೇ ದಾರಿಯಲ್ಲಿ ತೆರೆಯಿತು. 2010ರ ಹಸಿರು ನ್ಯಾಯಮಂಡಳಿ ಕಾಯ್ದೆಯಲ್ಲೂ ಬಾಧಿತ ವ್ಯಕ್ತಿ ಅರ್ಜಿ ಹಾಕಬಹುದೆಂಬ ಮಾತಿದೆ. ಯಾರು ಬಾಧಿತ ಎಂಬ ವಾದ ಇಲ್ಲಿಯೂ ಮುಗಿದಿಲ್ಲ.

ಬಾಗಿಲು ತೆರೆದದ್ದೇ ತಡ, ಒಳಗೆ ಬರಲು ವಕೀಲರು ಸಾಲುಗಟ್ಟಿದರು. ಅವರಲ್ಲಿ ಮೊದಲ ಹೆಸರು ಡೇವಿಡ್ ಸೈವ್. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡು ಬಂದವರು, ಬೆಟ್ಟ ಹತ್ತುವ ಖಯಾಲಿಯವರು, ಸಿಯೆರಾ ಕ್ಲಬ್ ಎಂಬ ಪರಿಸರ ಸಂಘದ ಸದಸ್ಯರು. 1962ರಲ್ಲಿ ಕೆಲವರೊಂದಿಗೆ ಕೂಡಿ ನ್ಯೂಯಾರ್ಕಿನಲ್ಲಿ ಸಣ್ಣ ಫರ್ಮ್ ಕಟ್ಟಿದ್ದರು. ಸ್ಟಾರ್ಮ್ ಕಿಂಗ್ ವಿಚಾರಣೆ ಮತ್ತೆ ಶುರುವಾದಾಗ ಸಿಯೆರಾ ಕ್ಲಬ್ಬಿನ ಪರವಾಗಿ ಅದರೊಳಗೆ ಕಾಲಿಟ್ಟರು.

ಸೈವ್ ಅವರ ಕೈಚಳಕ ಪೂರ್ತಿ ಕಂಡದ್ದು ಇನ್ನೊಂದು ಮೊಕದ್ದಮೆಯಲ್ಲಿ. ಗವರ್ನರ್ ನೆಲ್ಸನ್ ರಾಕ್‌ಫೆಲರ್ ಹಡ್ಸನ್ ನದಿಯ ಅಂಚನ್ನು ಮುಚ್ಚಿ ಅದರ ಮೇಲೆ ಎಕ್ಸ್‌ಪ್ರೆಸ್‌ವೇ ಹಾಯಿಸಲು ಹೊರಟಿದ್ದರು. ತಡೆಯಲು ಹೊಸ ಕಾನೂನು ಯಾವುದೂ ಇರಲಿಲ್ಲ. ಸೈವ್ 1899ರ ನದಿ ಮತ್ತು ಬಂದರು ಕಾಯ್ದೆಯ ಧೂಳು ಕೊಡವಿದರು. ಹಡಗು ಓಡಾಡುವ ನೀರಿನಲ್ಲಿ ಸಂಸತ್ತಿನ ಒಪ್ಪಿಗೆಯಿಲ್ಲದೆ ಒಡ್ಡು ಕಟ್ಟುವಂತಿಲ್ಲ ಎಂದು ಅದರಲ್ಲಿತ್ತು. ರಸ್ತೆಗಾಗಿ ನದಿಯೊಳಗೆ ಸುರಿಯುವ ಮಣ್ಣು ಕೊಚ್ಚಿಹೋಗದಂತೆ ಅದರ ಅಂಚಿಗೆ ಕಲ್ಲು ಪೇರಿಸುತ್ತಾರಲ್ಲ, ಅದು ಒಡ್ಡೋ ಅಲ್ಲವೋ? ಸೇನೆಯ ಎಂಜಿನಿಯರುಗಳು ಅಲ್ಲ ಎಂದು ಪರವಾನಗಿ ಕೊಟ್ಟಿದ್ದರು. 1969ರಲ್ಲಿ ನ್ಯಾಯಾಧೀಶರು ಹೌದು ಎಂದರು. ಮರುವರ್ಷ ಮೇಲಿನ ಕೋರ್ಟೂ ಹೌದೆಂದಿತು, ಎಕ್ಸ್‌ಪ್ರೆಸ್‌ವೇ ಕಾಗದದಲ್ಲೇ ಉಳಿಯಿತು.

ಅದೇ 1899ರ ಕಾಯ್ದೆಯ ಇನ್ನೊಂದು ಕಲಮನ್ನು ಪತ್ತೆಮಾಡಿದವನು ವಕೀಲನಲ್ಲ, ಸ್ಪೋರ್ಟ್ಸ್ ಇಲಸ್ಟ್ರೇಟೆಡ್ ಪತ್ರಿಕೆಯ ಬರಹಗಾರ ರಾಬರ್ಟ್ ಬಾಯ್ಲ್. ಗಾಳ ಹಾಕುವ ಹುಚ್ಚಿನವನು. ಕಾನ್ ಎಡ್‌ನ ಇಂಡಿಯನ್ ಪಾಯಿಂಟ್ ಅಣುಸ್ಥಾವರದ ಬಳಿ ರಾಶಿಗಟ್ಟಲೆ ಸತ್ತ ಪಟ್ಟೆಮೀನುಗಳ ಬಗ್ಗೆ 1965ರಲ್ಲಿ ಬರೆದು ಕಂಪನಿಯ ನಿದ್ದೆಗೆಡಿಸಿದ್ದ. ನದಿಗೆ ಕೊಳೆ ಬಿಟ್ಟವರನ್ನು ಹಿಡಿದುಕೊಟ್ಟವನಿಗೆ ದಂಡದಲ್ಲಿ ಅರ್ಧ ಪಾಲು ಎಂಬ ಆ ಕಲಮು ಎಲ್ಲರಿಗೂ ಮರೆತೇಹೋಗಿತ್ತು. 1966ರಲ್ಲಿ ಬಾಯ್ಲ್ ಮತ್ತು ಸ್ಥಳೀಯ ಬೆಸ್ತರು ಸೇರಿ ಕಟ್ಟಿದ ಹಡ್ಸನ್ ಮೀನುಗಾರರ ಸಂಘ, ರೈಲ್ವೆ ಯಾರ್ಡಿನಿಂದ ನದಿಗೆ ಎಣ್ಣೆ ಸುರಿಯುತ್ತಿದ್ದ ಪೆನ್ ಸೆಂಟ್ರಲ್ ರೈಲ್ವೆಯ ಕೊಳವೆಯ ಮೇಲೆ ದೂರು ಕೊಟ್ಟಿತು. ಪಾಲಾಗಿ ಬಂದದ್ದು 2,000 ಡಾಲರ್. ಮೊತ್ತ ದೊಡ್ಡದಲ್ಲ. ಆದರೆ ಕಾನೂನಿನಿಂದ ಹೋರಾಟದ ಖರ್ಚು ಹುಟ್ಟಿಸಬಹುದೆಂಬುದು ಗೊತ್ತಾಯಿತು.

1969ರ ಸೆಪ್ಟೆಂಬರಿನಲ್ಲಿ ವರ್ಜೀನಿಯಾದ ಏರ್ಲಿ ಹೌಸ್‌ನಲ್ಲಿ ವಕೀಲರೂ ಪ್ರಾಧ್ಯಾಪಕರೂ ಕಾನೂನು ಮತ್ತು ಪರಿಸರ ಎಂಬ ಸಮಾವೇಶಕ್ಕೆ ಸೇರಿದರು. ಅಲ್ಲಿಯವರೆಗೆ ಊರಿಗೊಬ್ಬರಂತೆ ಹರಿದು ಹಂಚಿಹೋಗಿದ್ದವರು ಒಂದೇ ಕಸುಬಿನವರೆಂದು ಪರಸ್ಪರ ಗುರುತಿಸಿಕೊಂಡದ್ದು ಅಲ್ಲಿ. ಮರುವರ್ಷ ಸ್ಟಾರ್ಮ್ ಕಿಂಗ್ ಹೋರಾಟದ ಹಿರಿಯ ವಕೀಲ ಸ್ಟೀಫನ್ ಡಗ್ಗನ್, ಸೈವ್ ಮತ್ತಿತರರು, ಯೇಲ್ ಕಾನೂನು ಕಾಲೇಜಿನಿಂದ ಬಂದ ಕೆಲವು ಹುಡುಗರ ಜತೆ ಸೇರಿ ಎನ್‌ಆರ್‌ಡಿಸಿ ಎಂಬ ಪರಿಸರ ವಕೀಲರ ಸಂಸ್ಥೆ ಕಟ್ಟಿದರು. ಹಣ ಫೋರ್ಡ್ ಫೌಂಡೇಶನ್‌ನದು. ಫರ್ಮಿನಂತೆಯೇ ವಕೀಲರು, ಕಡತಗಳು, ಗಡುವುಗಳು. ಇಲ್ಲದ್ದು ಫೀಸು ಕೊಡುವ ಕಕ್ಷಿದಾರ ಮಾತ್ರ.

ಆ ಯೇಲ್ ಹುಡುಗರಲ್ಲಿ ಜಾನ್ ಬ್ರೈಸನ್ ಒಬ್ಬ. ಆತ ಮುಂದೆ ಕ್ಯಾಲಿಫೋರ್ನಿಯಾದ ಯುಟಿಲಿಟಿ ಆಯೋಗದ ಅಧ್ಯಕ್ಷನಾದ. ಆಮೇಲೆ, ಹೌದು, ಸದರ್ನ್ ಕ್ಯಾಲಿಫೋರ್ನಿಯಾ ಎಡಿಸನ್ ವಿದ್ಯುತ್ ಕಂಪನಿ ಸೇರಿ 1990ರಲ್ಲಿ ಅದರ ಮುಖ್ಯಸ್ಥನ ಕುರ್ಚಿಯಲ್ಲಿ ಕೂತ. ಒಬಾಮಾ ಕಾಲದಲ್ಲಿ ವಾಣಿಜ್ಯ ಮಂತ್ರಿಯೂ ಆದ. ಪಕ್ಷಾಂತರ ಎಂದು ಮೂಗುಮುರಿಯುವವರಿಗೆ ಒಂದು ಮಾತು: ಕಾನ್ ಎಡ್ ಕೂಡ 1967ರಲ್ಲಿ ಹೊರಗಿನಿಂದ ಒಬ್ಬ ವಕೀಲನನ್ನೇ ತಂದು ಅಧ್ಯಕ್ಷನನ್ನಾಗಿ ಮಾಡಿತ್ತು. ಚಾರ್ಲ್ಸ್ ಲೂಸ್ ಎಂಬ ಆತ ಅದಕ್ಕೆ ಮುಂಚೆ ಇದ್ದದ್ದು ಕಾಡು, ನದಿಗಳನ್ನು ನೋಡಿಕೊಳ್ಳುವ ಒಳನಾಡು ಇಲಾಖೆಯಲ್ಲಿ. ಎರಡೂ ಮನೆಗಳ ನಡುವಿನ ಹಿತ್ತಲ ಬಾಗಿಲು ಮೊದಲಿನಿಂದಲೂ ತೆರೆದೇ ಇತ್ತು.

1970ರ ಜನವರಿ ಒಂದರಂದು ರಾಷ್ಟ್ರೀಯ ಪರಿಸರ ನೀತಿ ಕಾಯ್ದೆಗೆ ನಿಕ್ಸನ್ ಸಹಿ ಬಿತ್ತು. ಯೋಜನೆಗೆ ಬದಲಿ ದಾರಿಗಳನ್ನು ಪರಿಶೀಲಿಸಲೇಬೇಕೆಂಬ ಅದರ ನಿಯಮದಲ್ಲಿ ಸ್ಟಾರ್ಮ್ ಕಿಂಗ್ ತೀರ್ಪಿನ ನೆರಳಿದೆ. ಆ ವರ್ಷದ ಡಿಸೆಂಬರಿನಲ್ಲಿ ಇಪಿಎ ಎಂಬ ಪರಿಸರ ಸಂಸ್ಥೆ ಬಂತು, ವರ್ಷದ ಕೊನೆಯ ದಿನ ಶುದ್ಧ ಗಾಳಿ ಕಾಯ್ದೆ, 1972ರಲ್ಲಿ ಶುದ್ಧ ನೀರಿನ ಕಾಯ್ದೆ. ನಡುವೆ 1971ರಲ್ಲಿ ಮೇರಿಲ್ಯಾಂಡಿನ ಕಾಲ್ವರ್ಟ್ ಕ್ಲಿಫ್ಸ್ ಅಣುಸ್ಥಾವರದ ಮೊಕದ್ದಮೆಯಲ್ಲಿ ನ್ಯಾಯಾಲಯ, ಪರಿಸರ ವರದಿಯನ್ನು ಕಡತಕ್ಕೆ ಲಗತ್ತಿಸಿ ಮರೆತುಬಿಡುವ ಪದ್ಧತಿ ನಡೆಯುವುದಿಲ್ಲವೆಂದು ಅಣುಶಕ್ತಿ ಆಯೋಗಕ್ಕೆ ಖಾರವಾಗಿಯೇ ಹೇಳಿತು.

ಹಸಿರು ವಕೀಲರು ಗೆದ್ದರು ಎಂದು ಇತಿಹಾಸ ಬರೆಯುವವರು ಸಾಮಾನ್ಯವಾಗಿ ಇಲ್ಲಿ ನಿಲ್ಲುತ್ತಾರೆ. ಫರ್ಮುಗಳ ಲೆಕ್ಕದ ಪುಸ್ತಕ ತೆರೆದರೆ ಕಾಣುವುದು ಬೇರೆ. ಒಂದೊಂದು ಹೊಸ ಕಾಯ್ದೆಯೂ ಒಂದೊಂದು ಹೊಸ ಪರವಾನಗಿ, ಅದಕ್ಕೊಂದು ಅರ್ಜಿ, ಒಂದು ವರದಿ, ಒಂದು ವಿಚಾರಣೆ, ಒಂದು ಮೇಲ್ಮನವಿ. ಚಿಮಣಿಗೆ ಒಂದು, ಬಿಸಿನೀರು ಬಿಡುವ ಕೊಳವೆಗೆ ಒಂದು, ನದಿಯಿಂದ ನೀರೆಳೆಯುವ ಜಾಲರಿಗೆ ಮತ್ತೊಂದು. ಒಂದು ಸ್ಥಾವರಕ್ಕೆ ಹಿಂದೆ ಇಬ್ಬರು ವಕೀಲರು ಸಾಕಾಗಿದ್ದಲ್ಲಿ ಈಗ ಜೀವಶಾಸ್ತ್ರಜ್ಞರನ್ನು ಪಾಟೀಸವಾಲಿಗೆ ತಯಾರು ಮಾಡುವ ತಂಡವೇ ಬೇಕಾಯಿತು. ಸೀನಿಕ್ ಹಡ್ಸನ್ ಪರ ವಾದಿಸಿದವರ ಗೆಲುವಿನಿಂದ ಹೆಚ್ಚು ಸಂಪಾದಿಸಿದವರು ಅವರ ಎದುರು ಕೂತವರು.

ರಿಚ್ಮಂಡಿನ ಹಂಟನ್ ಅಂಡ್ ವಿಲಿಯಮ್ಸ್ ಇದಕ್ಕೆ ತಕ್ಕ ಉದಾಹರಣೆ. 1901ರಲ್ಲಿ ನಾಲ್ವರು ವಕೀಲರು ಶುರುಮಾಡಿದ ಫರ್ಮ್. ವರ್ಜೀನಿಯಾದ ವಿದ್ಯುತ್ ಕಂಪನಿ ವೆಪ್ಕೊ ಅದರ ದೊಡ್ಡ ಕಕ್ಷಿದಾರರಲ್ಲೊಂದು. ಮೂರು ದಶಕಗಳಿಗೂ ಹೆಚ್ಚು ಕಾಲ ಅಲ್ಲಿದ್ದ ಲೂಯಿಸ್ ಪೊವೆಲ್ 1972ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. ಶುದ್ಧ ಗಾಳಿ ಕಾಯ್ದೆ ಬಿಗಿಯಾಗುತ್ತಿದ್ದಂತೆ, 1970ರ ದಶಕದ ಕೊನೆಗೆ, ಫರ್ಮಿನ ಕಚೇರಿಯಿಂದಲೇ ಯುಟಿಲಿಟಿ ಏರ್ ರೆಗ್ಯುಲೇಟರಿ ಗ್ರೂಪ್ ಎಂಬ ಒಕ್ಕೂಟ ನಡೆಯತೊಡಗಿತು. ದೇಶದ ಹಲವು ವಿದ್ಯುತ್ ಕಂಪನಿಗಳು ವಂತಿಗೆ ಹಾಕಿ ಒಂದೇ ಫರ್ಮಿನಿಂದ ಇಪಿಎ ನಿಯಮಗಳ ವಿರುದ್ಧ ಸಾಲುಸಾಲಾಗಿ ದಾವೆ ಹೂಡಿಸುವ ಏರ್ಪಾಡು ಅದು. ಒಬ್ಬೊಬ್ಬರೇ ಖರ್ಚು ಮಾಡುವುದಕ್ಕಿಂತ ಅಗ್ಗ. ಫರ್ಮಿಗೆ ನಿಂತ ವರಮಾನ. 2014ರಲ್ಲಿ ಈ ಒಕ್ಕೂಟದ ಹೆಸರಿನದೇ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಹಸಿರುಮನೆ ಅನಿಲಗಳ ಪರವಾನಗಿ ವಿಷಯದಲ್ಲಿ ಇಪಿಎಯ ಕೈಯನ್ನು ಒಂದಿಷ್ಟು ಕಟ್ಟಿಹಾಕಿತು.

ಇತ್ತ ಬೆಟ್ಟದ ಮೊಕದ್ದಮೆ ತೆವಳುತ್ತಲೇ ಇತ್ತು. ಮರುವಿಚಾರಣೆಗೆ ನೂರು ದಿನ ಹಿಡಿಯಿತು, ದಾಖಲೆ ಸಾವಿರಾರು ಪುಟವಾಯಿತು. ಚೆಲುವಿನ ತಕರಾರಿಗೆ ಉತ್ತರವಾಗಿ ಕಂಪನಿ ಪವರ್‌ಹೌಸನ್ನು ನೆಲದಡಿಗೆ ಇಳಿಸಿತು. ಆಗ ಹೊಸ ಎದುರಾಳಿ ಎದ್ದುನಿಂತದ್ದು ನ್ಯೂಯಾರ್ಕ್ ನಗರವೇ. ನಗರಕ್ಕೆ ಕುಡಿಯುವ ನೀರು ತರುವ ಕ್ಯಾಟ್‌ಸ್ಕಿಲ್ ಕಾಲುವೆ ಸರಿಯಾಗಿ ಅಲ್ಲೇ, ಸಮುದ್ರಮಟ್ಟಕ್ಕಿಂತ ಸುಮಾರು 1,100 ಅಡಿ ಆಳದ ಸುರಂಗದಲ್ಲಿ ಹಡ್ಸನ್ ನದಿಯನ್ನು ದಾಟುತ್ತದೆ. ಪಕ್ಕದಲ್ಲಿ ಬಂಡೆ ಸಿಡಿಸಿದರೆ ಸುರಂಗದ ಗತಿಯೇನು? ಕರೆಂಟಿಗಾಗಿ ನಡೆಯುತ್ತಿದ್ದ ಜಗಳಕ್ಕೆ ಈಗ ನೀರು ಸರಬರಾಜಿನ ವಕೀಲರೂ ಬಂದರು. 1970ರಲ್ಲಿ ಆಯೋಗ ಮತ್ತೆ ಪರವಾನಗಿ ಕೊಟ್ಟಿತು, 1971ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು, 1974ರ ವಸಂತದಲ್ಲಿ ಕೆಲಸವೂ ಶುರುವಾಯಿತು.

ಕೊನೆಗೆ ಕಂಪನಿಯನ್ನು ಕೆಡವಿದ್ದು ಮೀನಿನ ಮೊಟ್ಟೆ. ಸ್ಥಾವರದಿಂದ ಪಟ್ಟೆಮೀನುಗಳಿಗೆ ಹೆಚ್ಚೇನೂ ಹಾನಿಯಿಲ್ಲವೆಂದು ಹೇಳಿದ್ದ ಅಧ್ಯಯನ ಹಡ್ಸನ್ ನದಿಯನ್ನು ಒಂದೇ ದಿಕ್ಕಿಗೆ ಹರಿಯುವ ನೀರೆಂದು ಎಣಿಸಿತ್ತು. ಆದರೆ ಸ್ಟಾರ್ಮ್ ಕಿಂಗ್ ಬಳಿಯಲ್ಲೂ ಆ ನದಿಗೆ ಸಮುದ್ರದ ಭರತ ಇಳಿತಗಳಿವೆ. ತೇಲುವ ಮೊಟ್ಟೆ, ಮರಿಗಳು ಪಂಪಿನ ಬಾಯಿಯ ಮುಂದೆ ಒಮ್ಮೆಯಲ್ಲ, ಹಲವು ಸಲ ಹಿಂದೆಮುಂದೆ ಹಾಯುತ್ತವೆ. ಪ್ರತಿ ಸಲವೂ ಒಂದಿಷ್ಟು ಒಳಗೆ ಎಳೆದುಕೊಂಡು ಹೋಗುತ್ತವೆ. ಗಣಿತದ ಈ ತಪ್ಪನ್ನು ಹಿಡಿದು ಮೀನುಗಾರರ ಸಂಘ ಮತ್ತೆ ಕೋರ್ಟಿಗೆ ಹೋಯಿತು. 1974ರ ಮೇ ತಿಂಗಳಲ್ಲಿ ನ್ಯಾಯಾಲಯ ಮೀನುಗಳ ಬಗ್ಗೆ ಹೊಸ ವಿಚಾರಣೆಗೆ ಆದೇಶಿಸಿತು, ಕೆಲಸ ನಿಂತಿತು, ಮತ್ತೆ ಹತ್ತಲಿಲ್ಲ.

ಇಪಿಎಯ ಮಾಜಿ ಮುಖ್ಯಸ್ಥ ರಸೆಲ್ ಟ್ರೇನ್ ಮಧ್ಯಸ್ಥಿಕೆಯಲ್ಲಿ 1980ರ ಡಿಸೆಂಬರ್ 19ರಂದು ರಾಜಿಯಾಯಿತು. ಕಾನ್ ಎಡ್ ಪರವಾನಗಿ ವಾಪಸು ಮಾಡಿ ಜಾಗವನ್ನು ಉದ್ಯಾನಕ್ಕೆ ಬಿಟ್ಟುಕೊಟ್ಟಿತು. ಬದಲಿಗೆ, ನದಿಯಿಂದ ಎಳೆಯುವ ನೀರನ್ನು ತಗ್ಗಿಸಲೆಂದು ಹಡ್ಸನ್ ದಂಡೆಯ ಸ್ಥಾವರಗಳಿಗೆ ದುಬಾರಿ ಕೂಲಿಂಗ್ ಟವರ್ ಕಟ್ಟಿಸುವ ಒತ್ತಾಯವನ್ನು ಇಪಿಎ ಕೈಬಿಟ್ಟಿತು. ಮೀನು ಮೊಟ್ಟೆಯಿಡುವ ತಿಂಗಳುಗಳಲ್ಲಿ ನೀರೆಳೆಯುವುದನ್ನು ಕಡಿಮೆ ಮಾಡುತ್ತೇವೆಂದು ಕಂಪನಿಗಳು ಒಪ್ಪಿದವು. ನದಿಯ ಸಂಶೋಧನೆಗೆ 1.2 ಕೋಟಿ ಡಾಲರಿನ ನಿಧಿ ಸ್ಥಾಪನೆಯಾಯಿತು. ಪತ್ರಿಕೆಗಳು ಇದನ್ನು ಶಾಂತಿ ಒಪ್ಪಂದ ಎಂದು ಕರೆದವು. ಲೂಸ್ ಅವರ ಕಂಪನಿ ಕಳೆದುಕೊಂಡದ್ದೆಷ್ಟು, ಟವರ್ ತಪ್ಪಿಸಿ ಉಳಿಸಿಕೊಂಡದ್ದೆಷ್ಟು ಎಂದು ತಕ್ಕಡಿಗೆ ಹಾಕಿದರೆ ಸೋತವರು ಯಾರೆಂದು ಹೇಳುವುದು ಕಷ್ಟ.

ಆಮೇಲಿನ ಕಥೆ ಫರ್ಮುಗಳದು. ಸೈವ್ ಅವರ ಫರ್ಮ್ ‘ಸೈವ್, ಪ್ಯಾಜೆಟ್ ಅಂಡ್ ರೀಸೆಲ್’ ಎಂಬ ಹೆಸರಿನಲ್ಲಿ ಇಂದಿಗೂ ನಡೆಯುತ್ತಿದೆ. ಪರಿಸರ ಸಂಘಗಳ ವಕಾಲತ್ತಿನಿಂದ ಹೆಸರು ಮಾಡಿದ ಫರ್ಮಿಗೆ ಈಗ ಕಟ್ಟಡ ಕಂಪನಿಗಳೂ ಸರ್ಕಾರಿ ಸಂಸ್ಥೆಗಳೂ ಕಕ್ಷಿದಾರರು. ಪರಿಸರ ವರದಿಯನ್ನು ಪ್ರಶ್ನಿಸಲು ಬಲ್ಲವರಿಗೆ, ಪ್ರಶ್ನೆಗೆ ಸಿಗದಂತೆ ಬರೆಸಲೂ ಗೊತ್ತಿರುತ್ತದೆ. ಸೈವ್ 2014ರಲ್ಲಿ ತೀರಿಕೊಂಡರು.

ಲಬಫ್ ಫರ್ಮಿನದು ಹೆಚ್ಚು ನಾಟಕೀಯ. ವಿದ್ಯುತ್ತು, ವಿಮೆಗಳ ಬಲದಿಂದ ಹಲವು ದೇಶಗಳಿಗೆ ಹಬ್ಬಿದ ಅದು 2007ರಲ್ಲಿ ಡ್ಯೂಯಿ ಬ್ಯಾಲಂಟೈನ್ ಎಂಬ ಹಳೆಯ ಫರ್ಮಿನೊಂದಿಗೆ ಕೂಡಿ ಸಾವಿರಕ್ಕೂ ಮೀರಿ ವಕೀಲರಿದ್ದ ಡ್ಯೂಯಿ ಅಂಡ್ ಲಬಫ್ ಆಯಿತು. ದೊಡ್ಡ ಹೆಸರಿನ ವಕೀಲರಿಗೆ ಇಷ್ಟು ಕೊಟ್ಟೇ ಕೊಡುತ್ತೇವೆಂದು ಬರೆದುಕೊಟ್ಟ ಖಾತರಿಗಳು, ಮೈತುಂಬ ಸಾಲ, ಜತೆಗೆ ಆರ್ಥಿಕ ಕುಸಿತ. 2012ರ ಮೇ 28ರಂದು ದಿವಾಳಿ ಅರ್ಜಿ ಹಾಕಿತು. ಅಮೆರಿಕದಲ್ಲಿ ಅಷ್ಟು ದೊಡ್ಡ ಲಾ ಫರ್ಮ್ ಅದಕ್ಕೆ ಮುಂಚೆ ಹಾಗೆ ಮುಳುಗಿರಲಿಲ್ಲ.

ಹಂಟನ್ 2018ರಲ್ಲಿ ಆಂಡ್ರೂಸ್ ಕರ್ತ್ ಎಂಬ ಫರ್ಮಿನೊಂದಿಗೆ ಸೇರಿ ಇನ್ನೂ ದೊಡ್ಡದಾಯಿತು. ಆದರೆ ಅದರ ವಿದ್ಯುತ್ ಒಕ್ಕೂಟ ಹೆಚ್ಚು ದಿನ ಉಳಿಯಲಿಲ್ಲ. ಫರ್ಮಿನ ಪಾಲುದಾರರಾಗಿದ್ದ ವಿಲಿಯಂ ವೀರಮ್ 2017ರ ಕೊನೆಯಲ್ಲಿ ಇಪಿಎಯ ವಾಯು ವಿಭಾಗದ ಮುಖ್ಯಸ್ಥರಾದಾಗ, ನಿನ್ನೆಯವರೆಗೆ ಯಾರ ಪರ ವಾದಿಸಿದರೋ ಅವರ ನಿಯಮಗಳನ್ನೇ ಇಂದು ಬರೆಯುತ್ತಿದ್ದಾರೆಂಬ ಕೂಗೆದ್ದಿತು. ಸಂಸತ್ತಿನ ಸಮಿತಿ ವಿಚಾರಣೆಗೆ ಇಳಿಯಿತು, ಕೆಲವು ಸದಸ್ಯ ಕಂಪನಿಗಳು ಹೊರನಡೆದವು. 2019ರಲ್ಲಿ ಒಕ್ಕೂಟ ಬಾಗಿಲು ಹಾಕಿತು, ವೀರಮ್ ಕೂಡ ಅದೇ ವರ್ಷ ರಾಜೀನಾಮೆ ಕೊಟ್ಟರು.

ಬಾಯ್ಲ್ ಕಟ್ಟಿದ ಮೀನುಗಾರರ ಸಂಘ ಮುಂದೆ ರಿವರ್‌ಕೀಪರ್ ಎಂಬ ಹೆಸರು ಪಡೆಯಿತು. ಇಂಡಿಯನ್ ಪಾಯಿಂಟ್ ಅಣುಸ್ಥಾವರದ ಬೆನ್ನು ಬಿಡದೆ 2017ರಲ್ಲಿ ಮಾಲೀಕ ಕಂಪನಿ ಹಾಗೂ ರಾಜ್ಯ ಸರ್ಕಾರದೊಂದಿಗೆ ಮುಚ್ಚುವ ಒಪ್ಪಂದ ಮಾಡಿಕೊಂಡಿತು. 2021ರ ಏಪ್ರಿಲ್ 30ರಂದು ಕೊನೆಯ ರಿಯಾಕ್ಟರ್ ನಿಂತಿತು. ಆ ಕರೆಂಟಿನ ಖಾಲಿ ಜಾಗವನ್ನು ಬಹುಪಾಲು ತುಂಬಿದ್ದು ಗ್ಯಾಸ್ ಸ್ಥಾವರಗಳು. ಕೆನಡಾದ ಕ್ವಿಬೆಕ್‌ನಿಂದ 1,250 ಮೆಗಾವಾಟ್ ಜಲವಿದ್ಯುತ್ತನ್ನು ನೆಲದಡಿಯಲ್ಲೂ ಹಡ್ಸನ್ ನದಿಯ ತಳದಲ್ಲೂ ಹೂತ ಕೇಬಲ್ ಮೂಲಕ ನ್ಯೂಯಾರ್ಕಿಗೆ ತರುವ ಯೋಜನೆಗೆ ರಿವರ್‌ಕೀಪರ್ ಮೊದಲು ಸಹಿ ಹಾಕಿತ್ತು. ಕ್ವಿಬೆಕ್‌ನ ಅಣೆಕಟ್ಟುಗಳಿಂದ ಅಲ್ಲಿನ ನದಿಗಳಿಗೆ, ಮೂಲನಿವಾಸಿಗಳಿಗೆ ಆದ ಹಾನಿಯ ಪ್ರಶ್ನೆ ಎದ್ದಾಗ ಬೆಂಬಲ ಹಿಂತೆಗೆದುಕೊಂಡಿತು. ಕೇಬಲ್ ಹೂಳುವ ಕೆಲಸ 2022ರ ಕೊನೆಗೆ ಶುರುವಾಯಿತು.